ತಲೆಗಳ ಲೆಕ್ಕ, ನೆಲದ ಲೆಕ್ಕ

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಮೊದಲ ಜನಗಣತಿ ನಡೆದದ್ದು 1871ರಲ್ಲಿ. ಅದಕ್ಕೂ ಹಿಂದೆ ಖಾನೇಷುಮಾರಿ ಎಂಬ ಮನೆ ಲೆಕ್ಕ ರೂಢಿಯಲ್ಲಿತ್ತು. ಆ ಲೆಕ್ಕ ಪೂರ್ತಿ ನಂಬುವಂಥದ್ದಲ್ಲ ಎಂಬುದು ಸರ್ಕಾರಕ್ಕೂ ಗೊತ್ತಿತ್ತು. ಹೊಸ ಜನಗಣತಿ ಕೊಟ್ಟ ಅಂಕಿ 50,55,412. ಹತ್ತು ವರ್ಷಗಳ ನಂತರ, 1881ರಲ್ಲಿ, ಎರಡನೆಯ ಜನಗಣತಿ ನಡೆದಾಗ ಸಿಕ್ಕ ಅಂಕಿ 41,86,188. ಬೆಳೆಯಬೇಕಾಗಿದ್ದ ಜನಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ತಲೆಗಳು ಕಾಣೆಯಾಗಿದ್ದವು. ಹಸುಗೂಸುಗಳ ಸಂಖ್ಯೆ ಕುಸಿದಿತ್ತು. ಊರೂರುಗಳಲ್ಲಿ ಮನೆಗಳು ಪಾಳುಬಿದ್ದಿದ್ದವು.

ಈ ಎರಡು ಅಂಕಿಗಳ ನಡುವೆ ಇರುವುದು 1876ರಿಂದ 1878ರವರೆಗಿನ ಮಹಾ ಕ್ಷಾಮ. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರದವರೆಗೂ ಮುಂದುವರಿದದ್ದರಿಂದ ಹಳೆಯ ಮೈಸೂರಿನ ಜನ ಅದನ್ನು ಧಾತು-ಈಶ್ವರ ಬರವೆಂದೇ ಕರೆದರು. ಅಷ್ಟು ಜನ ಸತ್ತದ್ದೇಕೆ ಎಂಬ ಪ್ರಶ್ನೆಗೆ ಆಗಿನ ಆಡಳಿತಗಾರರಲ್ಲಿ ಹಲವರ ಬಳಿ ಸಿದ್ಧ ಉತ್ತರವೊಂದಿತ್ತು: ನೆಲ ಹೊರಲಾರದಷ್ಟು ಜನ ಹುಟ್ಟಿಕೊಂಡಿದ್ದರು.

ಆದರೆ ಅಂದು ಮೈಸೂರು ಸಂಸ್ಥಾನ ಹರಡಿಕೊಂಡಿದ್ದ ಜಿಲ್ಲೆಗಳಲ್ಲಿ 2011ರ ಜನಗಣತಿಯ ವೇಳೆಗೆ ಸುಮಾರು 3 ಕೋಟಿ ಜನರಿದ್ದರು. 50 ಲಕ್ಷ ಮಂದಿಯನ್ನು ಹೊರಲಾರದು ಎನ್ನಿಸಿಕೊಂಡಿದ್ದ ನೆಲ ಅದರ ಆರು ಪಟ್ಟು ಜನರನ್ನು ಹೊತ್ತಿದೆ. ಹಾಗಾದರೆ ಅಂದಿನ ಲೆಕ್ಕದಲ್ಲಿ ತಪ್ಪಿದ್ದೇನು? ಜನಸಂಖ್ಯೆ ಏರಿದರೂ ನೆಲಕ್ಕೆ ಏನೂ ಆಗಲಿಲ್ಲವೆ? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಾಗ ಮಾತ್ರ ಜನಸಂಖ್ಯೆ ಮತ್ತು ಪರಿಸರದ ಸಂಬಂಧ ಸ್ವಲ್ಪಮಟ್ಟಿಗೆ ಸ್ಪಷ್ಟವಾಗುತ್ತದೆ.

ಹೇಲಿಬರಿಯ ಪಾಠ

ಜನಸಂಖ್ಯೆಯ ಭಯಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಇಂಗ್ಲೆಂಡಿನ ಪಾದ್ರಿ ಥಾಮಸ್ ರಾಬರ್ಟ್ ಮಾಲ್ಥಸ್. 1798ರಲ್ಲಿ ಹೆಸರು ಹಾಕಿಕೊಳ್ಳದೆ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅವರು ಹೇಳಿದ್ದು ಇಷ್ಟು: ತಡೆಯಿಲ್ಲದಿದ್ದರೆ ಜನಸಂಖ್ಯೆ ಎರಡು, ನಾಲ್ಕು, ಎಂಟು ಎಂದು ದ್ವಿಗುಣಗೊಳ್ಳುತ್ತ ಹೋಗುತ್ತದೆ, ಆಹಾರದ ಉತ್ಪಾದನೆ ಒಂದು, ಎರಡು, ಮೂರು ಎಂದು ಮೆಲ್ಲಗೆ ಏರುತ್ತದೆ. ಇವೆರಡರ ಅಂತರವನ್ನು ಕೊನೆಗೆ ಬರ, ರೋಗ, ಯುದ್ಧಗಳು ಸರಿದೂಗಿಸುತ್ತವೆ. ಆಗ ಇಡೀ ಭೂಮಿಯ ಜನಸಂಖ್ಯೆ ಇನ್ನೂ 100 ಕೋಟಿಯನ್ನು ಮುಟ್ಟಿರಲಿಲ್ಲ.

ಮಾಲ್ಥಸ್ ಭಾರತಕ್ಕೆ ಕಾಲಿಟ್ಟವರಲ್ಲ. ಆದರೂ ಅವರ ವಿಚಾರ ಇಲ್ಲಿಗೆ ಬರಲು ನೇರವಾದ ದಾರಿಯೊಂದಿತ್ತು. ಭಾರತಕ್ಕೆ ಕಳಿಸುವ ಅಧಿಕಾರಿಗಳಿಗೆ ತರಬೇತಿ ಕೊಡಲು ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿಸಿದ ಕಾಲೇಜಿಗೆ ಅವರು 1805ರಲ್ಲಿ ಪ್ರಾಧ್ಯಾಪಕರಾಗಿ ಸೇರಿ, 1834ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಪಾಠ ಹೇಳಿದರು. ಹೇಲಿಬರಿಯಲ್ಲಿ ನೆಲೆಸಿದ ಈ ಕಾಲೇಜಿನಿಂದ ಹೊರಬಿದ್ದ ಹುಡುಗರೇ ಮುಂದೆ ಭಾರತದ ಜಿಲ್ಲೆಗಳಲ್ಲಿ ಕಲೆಕ್ಟರುಗಳೂ ಕಮಿಷನರುಗಳೂ ಆದರು. ಕ್ಷಾಮ ಬಂದಾಗ ಅದನ್ನು ಆಡಳಿತದ ಸೋಲೆಂದು ನೋಡುವುದಕ್ಕಿಂತ ಪ್ರಕೃತಿಯ ನಿಯಮವೆಂದು ನೋಡುವುದು ಆ ತಲೆಮಾರಿನ ಅನೇಕರಿಗೆ ಸಹಜವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಕೆರೆ, ಹಗೇವು, ಕಾವಲು

ಆ ಅಧಿಕಾರಿಗಳು ನೋಡಿದ ಮೈಸೂರಿನ ಬಯಲುಸೀಮೆ ಖಾಲಿ ನೆಲವಾಗಿರಲಿಲ್ಲ. ಅದು ನೂರಾರು ವರ್ಷ ಜನರು ತಿದ್ದಿ ತೀಡಿದ ನೆಲ. ಸಂಸ್ಥಾನದಲ್ಲಿದ್ದ ಕೆರೆಗಳ ಸಂಖ್ಯೆ ಸುಮಾರು 38 ಸಾವಿರ. ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಈ ಕೆರೆಗಳ ಬಗ್ಗೆ ವರದಿ ಬರೆಯುತ್ತ, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕಾದೀತೆಂಬ ಅರ್ಥದ ಮಾತು ಹೇಳಿದರು. ಬೆಂಗಳೂರಿನ ಸ್ಯಾಂಕಿ ಕೆರೆ ಇವರ ಹೆಸರಿನದೇ. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ ಎಂಬಂತೆ ಸಾಲುಸಾಲಾಗಿ ಕಟ್ಟಿದ ಈ ಕೆರೆಗಳು ಬಿದ್ದ ಮಳೆಯನ್ನು ಹಂತಹಂತವಾಗಿ ಹಿಡಿಯುತ್ತಿದ್ದವು. ನೀರು ಬಿಡಲು ನೀರುಗಂಟಿಯಿದ್ದ. ಬೇಸಿಗೆಯಲ್ಲಿ ತೆಗೆದ ಹೂಳು ಹೊಲಗಳಿಗೆ ಗೊಬ್ಬರವಾಗುತ್ತಿತ್ತು.

ಬಯಲುಸೀಮೆಯ ಎರಡನೆಯ ಆಸರೆ ರಾಗಿ. ಕಡಿಮೆ ಮಳೆಯಲ್ಲೂ ಕೈಗೆ ಬರುವ ಬೆಳೆಯಿದು. ನೆಲದಲ್ಲಿ ತೋಡಿದ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬ್ಯಾಂಕು, ವಿಮೆಗಳಿಲ್ಲದ ಕಾಲದಲ್ಲಿ ಒಂದು ವರ್ಷದ ಮಳೆ ತಪ್ಪಿದರೆ ಹಳ್ಳಿಯನ್ನು ಕಾಯುತ್ತಿದ್ದುದು ಹಗೇವು. ಮೂರನೆಯದು ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಾಗಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆದ ದನಗಳಿಗೆ ಮೀಸಲಾದ ಕಾವಲುಗಳು ಚಿತ್ರದುರ್ಗ, ತುಮಕೂರು, ಹಾಸನ, ಕಡೂರು ಸೀಮೆಗಳಲ್ಲಿ ಹರಡಿದ್ದವು. ಇವಲ್ಲದೆ ಊರೂರಿಗೂ ಗೋಮಾಳಗಳಿದ್ದವು.

ನೆಲ, ನೀರು, ಹುಲ್ಲು, ಜನ ಇವುಗಳ ನಡುವೆ ಇದ್ದ ಈ ಹೊಂದಾಣಿಕೆಯನ್ನು ಸುವರ್ಣಯುಗವೆಂದು ಕರೆಯಬೇಕಾಗಿಲ್ಲ. ಒಳ್ಳೆಯ ಗದ್ದೆ ಯಾರ ಕೈಯಲ್ಲಿತ್ತು, ಕೆರೆಯ ನೀರು ಯಾರ ಬೀದಿಗೆ ಬರುತ್ತಿರಲಿಲ್ಲ ಎಂಬ ಪ್ರಶ್ನೆಗಳು ಅಲ್ಲಿಯೂ ಇದ್ದವು. ಆದರೂ ಒಂದು ವರ್ಷದ ಬರವನ್ನು ತಡೆದುಕೊಳ್ಳುವ ಶಕ್ತಿ ಈ ವ್ಯವಸ್ಥೆಗಿತ್ತು. ಎರಡು ವರ್ಷ ಒಂದರ ಹಿಂದೊಂದು ಮಳೆ ಕೈಕೊಟ್ಟರೆ ತಡೆಯುವ ಶಕ್ತಿ ಇರಲಿಲ್ಲ.

ಧಾನ್ಯವಿತ್ತು, ದಾರಿಯಿರಲಿಲ್ಲ

1875ರಲ್ಲಿ ಮಳೆ ಕಡಿಮೆಯಾಯಿತು. 1876ರಲ್ಲಿ ಪೂರ್ತಿ ಕೈಕೊಟ್ಟಿತು. 1877ರ ಮುಂಗಾರೂ ಸರಿಯಾಗಿ ಬರಲಿಲ್ಲ. ಪೆಸಿಫಿಕ್ ಸಾಗರದ ನೀರು ಅಸಹಜವಾಗಿ ಬಿಸಿಯಾಗುವ ಎಲ್ ನಿನೊ ವಿದ್ಯಮಾನ ಆ ವರ್ಷಗಳಲ್ಲಿ ಅತ್ಯಂತ ತೀವ್ರವಾಗಿತ್ತೆಂಬುದು ಈಗ ತಿಳಿದಿದೆ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲೂ ಬ್ರೆಜಿಲಿನ ಈಶಾನ್ಯ ಭಾಗದಲ್ಲೂ ಭೀಕರ ಕ್ಷಾಮವಿತ್ತು. ಹಾಗಾಗಿ ಮಳೆ ತಪ್ಪಿದ್ದಕ್ಕೆ ಮೈಸೂರಿನ ರೈತನ ಮನೆಯಲ್ಲಿ ಎಷ್ಟು ಮಕ್ಕಳಿದ್ದರೆಂಬುದು ಕಾರಣವಲ್ಲ.

ಮಳೆ ತಪ್ಪುವುದು ಬೇರೆ, ಜನ ಸಾಯುವುದು ಬೇರೆ. ಬಂಗಾಳದಿಂದ, ಬರ್ಮಾದಿಂದ ಧಾನ್ಯ ಮದ್ರಾಸು ಬಂದರಿಗೆ ಬರುತ್ತಿತ್ತು. ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನವರೆಗೂ ತಲುಪುತ್ತಿತ್ತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಆದರೆ ಇಡೀ ಸಂಸ್ಥಾನದಲ್ಲಿ ಇದ್ದುದು ಅದೊಂದೇ ಮಾರ್ಗ. ಬೆಂಗಳೂರಿನಿಂದ ಒಳನಾಡಿಗೆ ಧಾನ್ಯ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ತಲುಪಿದ ಕಡೆಯಲ್ಲೂ ಬೆಲೆ ಬಡವನ ಕೈಗೆಟುಕುವಂತಿರಲಿಲ್ಲ. ಖಾಸಗಿ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬ ನೀತಿಯನ್ನು ವೈಸರಾಯ್ ಲಾರ್ಡ್ ಲಿಟ್ಟನ್ ಬಿಗಿಯಾಗಿ ಹಿಡಿದಿದ್ದರು. ದೇಶದಿಂದ ಹೊರಕ್ಕೆ ಹೋಗುವ ಗೋಧಿಯ ರಫ್ತಿಗೂ ತಡೆ ಬೀಳಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ವೈಭವದಿಂದ ನಡೆಯಿತು.

ಪರಿಹಾರ ಕಾರ್ಯದ ಖರ್ಚಿಗೆ ಕಡಿವಾಣ ಹಾಕಲು ಲಿಟ್ಟನ್ ದಕ್ಷಿಣಕ್ಕೆ ಕಳಿಸಿದವರು ರಿಚರ್ಡ್ ಟೆಂಪಲ್. ಅವರು ಹೇಲಿಬರಿ ಕಾಲೇಜಿನ ವಿದ್ಯಾರ್ಥಿ. ಅವರು ಅಲ್ಲಿ ಓದುವ ಹೊತ್ತಿಗೆ ಮಾಲ್ಥಸ್ ತೀರಿಕೊಂಡಿದ್ದರು. ಟೆಂಪಲ್ ಕಥೆ ಗಮನಾರ್ಹವಾದದ್ದು. 1873-74ರ ಬಿಹಾರದ ಬರದಲ್ಲಿ ಅವರೇ ಬರ್ಮಾದಿಂದ ಅಕ್ಕಿ ತರಿಸಿ, ಹಸಿವಿನ ಸಾವುಗಳನ್ನು ಬಹುಮಟ್ಟಿಗೆ ತಡೆದಿದ್ದರು. ಅದಕ್ಕಾಗಿ ಅವರಿಗೆ ಸಿಕ್ಕಿದ್ದು ದುಂದುಗಾರನೆಂಬ ಬೈಗುಳ. ಮೂರು ವರ್ಷಗಳ ನಂತರ ಮದ್ರಾಸ್ ಪ್ರಾಂತದಲ್ಲಿ ಆ ಕಳಂಕ ತೊಳೆದುಕೊಳ್ಳುವವರಂತೆ ಅವರು ಕೂಲಿಯನ್ನು ಇಳಿಸಿದರು. ಕಲ್ಲು ಒಡೆಯುವ, ಮಣ್ಣು ಹೊರುವ ವಯಸ್ಕ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಜೊತೆಗೆ ಒಂದಿಷ್ಟು ಚಿಲ್ಲರೆ ಕಾಸು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಪತ್ರಕರ್ತ ವಿಲಿಯಂ ಡಿಗ್ಬಿ ಈ ಕ್ಷಾಮದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ದಾಖಲಿಸಿದರು. ಕೆಲವು ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಗಿ ಬಂತಾದರೂ ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು.

ಮೈಸೂರು ಸಂಸ್ಥಾನವೊಂದರಲ್ಲೇ ಸತ್ತವರ ಸಂಖ್ಯೆ ಸುಮಾರು 10 ಲಕ್ಷವೆಂದು ಅಂದಾಜು, ಐವರಲ್ಲಿ ಒಬ್ಬರು. ಕೋಲಾರ, ತುಮಕೂರು, ಚಿತ್ರದುರ್ಗದಂತಹ ಒಣ ಸೀಮೆಗಳಿಗೆ ಬಿದ್ದ ಪೆಟ್ಟು ದೊಡ್ಡದು. 1877ರ ಕೊನೆಯಲ್ಲಿ ಲಿಟ್ಟನ್ ಶಾಸನಸಭೆಯಲ್ಲಿ ಮಾತಾಡುತ್ತ ಭಾರತದ ಜನಸಂಖ್ಯೆ ನೆಲ ಬೆಳೆಯುವ ಆಹಾರಕ್ಕಿಂತ ವೇಗವಾಗಿ ಹೆಚ್ಚುವ ಪ್ರವೃತ್ತಿಯುಳ್ಳದ್ದೆಂದು ವಿವರಿಸಿದರು. ಧಾನ್ಯವನ್ನು ಹಳ್ಳಿಗೆ ಮುಟ್ಟಿಸಲಾಗದ ಸರ್ಕಾರಕ್ಕೆ ಇದು ಅನುಕೂಲಕರವಾದ ವಿವರಣೆಯಾಗಿತ್ತು.

ಮತ್ತೆ ಏರಿದ ಅಂಕಿ

ಸತ್ತವರ ಸಂಖ್ಯೆಯಿಂದ ಸರ್ಕಾರ ಕೆಲವು ಪಾಠಗಳನ್ನಾದರೂ ಕಲಿಯಿತು. 1880ರ ಕ್ಷಾಮ ಆಯೋಗದ ವರದಿಯ ಬೆನ್ನಿಗೆ ಕ್ಷಾಮ ಸಂಹಿತೆಗಳು ಬಂದವು. ಬರದ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು-ಮೈಸೂರು ರೈಲುಮಾರ್ಗ 1882ರಲ್ಲಿ ಮೈಸೂರನ್ನು ಮುಟ್ಟಿತು. 1881ರಲ್ಲಿ ಆಡಳಿತ ಒಡೆಯರ ವಂಶಕ್ಕೆ ಮರಳಿದ ಮೇಲೆ ದಿವಾನರ ಕಾಲ ಬಂತು. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಮುಗಿಯಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾಯಿತು.

ಹೀಗಿದ್ದೂ 1871ರ ಅಂಕಿಯನ್ನು ದಾಟಲು ಸಂಸ್ಥಾನಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1891ರಲ್ಲಿ 49.4 ಲಕ್ಷ, 1901ರಲ್ಲಿ 55.4 ಲಕ್ಷ, 1911ರಲ್ಲಿ 58 ಲಕ್ಷ. ಆಮೇಲೆ 1918ರ ಇನ್‌ಫ್ಲುಯೆಂಜಾ ಬಂತು. 1921ರ ಅಂಕಿ 59.8 ಲಕ್ಷದಲ್ಲೇ ನಿಂತಿತು. ಅಲ್ಲಿಂದಾಚೆಗೆ ಮಾತ್ರ ಏರಿಕೆ ನಿಲ್ಲಲಿಲ್ಲ. 1931ರಲ್ಲಿ 65.6 ಲಕ್ಷ, 1941ರಲ್ಲಿ 73.3 ಲಕ್ಷ, 1951ರಲ್ಲಿ 90.7 ಲಕ್ಷ.

ಈ ಏರಿಕೆಗೆ ಮುಖ್ಯ ಕಾರಣ ಜನ ಹೆಚ್ಚು ಮಕ್ಕಳನ್ನು ಹೆರತೊಡಗಿದ್ದಲ್ಲ. ಹುಟ್ಟಿದ ಮಕ್ಕಳು ಬದುಕತೊಡಗಿದ್ದು. ಸಿಡುಬಿನ ಲಸಿಕೆ, ಶುದ್ಧ ನೀರು, ಪ್ಲೇಗಿನ ಹತೋಟಿ ಒಂದೊಂದಾಗಿ ಸಾವಿನ ಪ್ರಮಾಣವನ್ನು ಇಳಿಸಿದವು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಮಲೇರಿಯಾದ ಹಿನ್ನಡೆ. ಬಯಲುಸೀಮೆಯಲ್ಲಿ ಜನ ಹೆಚ್ಚುತ್ತಿದ್ದ ಕಾಲದಲ್ಲೇ ಮಲೆನಾಡಿನ ಹಲವು ತಾಲ್ಲೂಕುಗಳಲ್ಲಿ ಜನಸಂಖ್ಯೆ ಕುಸಿಯುತ್ತಿತ್ತು. ಚಳಿಜ್ವರದ ಭಯದಿಂದ ಘಟ್ಟದ ಕೆಳಗಿನವರೂ ಬಯಲಿನವರೂ ಮಲೆನಾಡಿನಲ್ಲಿ ನೆಲೆಸಲು ಹಿಂಜರಿಯುತ್ತಿದ್ದರು. ಕನ್ನಂಬಾಡಿಯ ನಾಲೆ ಹರಿದ ಮಂಡ್ಯದಲ್ಲಂತೂ ನೀರಿನ ಜೊತೆಗೇ ಮಲೇರಿಯಾ ಬಂತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನ ಅಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆಯಬೇಕಾಯಿತು. 1940ರ ದಶಕದ ನಡುವಿನಿಂದ ಡಿಡಿಟಿ ಸಿಂಪಡಣೆ ಆರಂಭವಾಗಿ, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಈ ಚಿತ್ರ ಬದಲಾಯಿತು. ಲಕ್ಷಾಂತರ ಜನರ ಜೀವ ಉಳಿಯಿತು. ಅಷ್ಟು ಕಾಲ ಸೊಳ್ಳೆಯೇ ಕಾವಲುಗಾರನಾಗಿ ಕಾಯ್ದಿದ್ದ ಕಾಡುಗಳೂ ತೆರೆದುಕೊಂಡವು. ಇವೆರಡೂ ಒಂದೇ ಬೆಳವಣಿಗೆಯ ಫಲಗಳೆಂಬುದನ್ನು ಮರೆಯುವಂತಿಲ್ಲ.

ರಾಮನಗರದ ಮಣಿಸರ

ಜನನವನ್ನು ಮಿತಗೊಳಿಸುವ ಯತ್ನದಲ್ಲೂ ಮೈಸೂರು ಮುಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಸಂಸ್ಥಾನ ಆದೇಶ ಹೊರಡಿಸಿತು. ಸರ್ಕಾರವೊಂದು ಇಂತಹ ಕೇಂದ್ರ ತೆರೆದ ಜಗತ್ತಿನ ಮೊದಮೊದಲ ನಿದರ್ಶನಗಳಲ್ಲಿ ಇದು ಒಂದು. ಗಂಡ-ಹೆಂಡಿರ ಈ ವಿಷಯವನ್ನು ಬಾಯಿಬಿಟ್ಟು ಆಡಲು ವಿದ್ಯಾವಂತರೂ ಅಂಜುತ್ತಿದ್ದ ದಿನಗಳವು.

ಸ್ವಾತಂತ್ರ್ಯಾನಂತರ 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಆ ಹೊತ್ತಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದ ಪ್ರಯೋಗಗಳಿಗೆ ಆಯ್ಕೆಯಾದ ಎರಡು ಸ್ಥಳಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ರಾಮನಗರ. ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರ ಸಲಹೆಯಂತೆ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು. ದಿನಕ್ಕೊಂದು ಮಣಿ ಸರಿಸುತ್ತ, ಮಣಿಯ ಬಣ್ಣ ನೋಡಿ ಗರ್ಭ ನಿಲ್ಲುವ ದಿನಗಳನ್ನು ತಿಳಿದು ದೂರವಿರುವುದು ಇದರ ಉಪಾಯ. ಅದು ಹೆಚ್ಚು ಫಲ ಕೊಡಲಿಲ್ಲ. ಆದರೆ ಅದೇ ಕಾಲದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಗಮನಾರ್ಹ ಸಂಗತಿಯೊಂದನ್ನು ಹೊರಗೆಡವಿತು: ಹಳ್ಳಿಯ ದಂಪತಿಗಳಲ್ಲೂ ಹಲವರಿಗೆ ಇನ್ನಷ್ಟು ಮಕ್ಕಳು ಬೇಕಾಗಿರಲಿಲ್ಲ. ಕೊರತೆಯಿದ್ದುದು ಇಚ್ಛೆಯದ್ದಲ್ಲ, ಸಾಧನದ್ದು, ಮತ್ತು ಹುಟ್ಟಿದ ಮಗು ಬದುಕುತ್ತದೆಂಬ ಭರವಸೆಯದ್ದು.

ಈ ತಿಳಿವಳಿಕೆಯನ್ನು ಬದಿಗಿಟ್ಟು ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಬಲಾತ್ಕಾರದ ದಾರಿ ಹಿಡಿಯಿತು. 1976-77ರ ಒಂದೇ ವರ್ಷದಲ್ಲಿ ದೇಶದಾದ್ಯಂತ ಸುಮಾರು 83 ಲಕ್ಷ ಸಂತಾನಹರಣ ಚಿಕಿತ್ಸೆಗಳಾದವು. ಬಲವಂತಕ್ಕೆ ಸಿಕ್ಕವರಲ್ಲಿ ಬಹುಪಾಲು ಬಡವರು. 1877ರಲ್ಲಿ ಬಡವನ ಸಾವಿಗೆ ಬಡವನ ಮಕ್ಕಳೇ ಕಾರಣವೆಂದು ಹೇಳಿದ ತರ್ಕ ಸರಿಯಾಗಿ ನೂರು ವರ್ಷಗಳ ನಂತರ ಬೇರೆ ವೇಷದಲ್ಲಿ ಮರಳಿ ಬಂದಿತ್ತು. ಜನ ಇದಕ್ಕೆ 1977ರ ಚುನಾವಣೆಯಲ್ಲಿ ಉತ್ತರ ಕೊಟ್ಟರು. ಕುಟುಂಬ ಯೋಜನೆ ಎಂಬ ಹೆಸರೇ ಕುಟುಂಬ ಕಲ್ಯಾಣವೆಂದು ಬದಲಾಯಿತು.

ಕರ್ನಾಟಕದಲ್ಲಿ ಜನನ ಪ್ರಮಾಣವನ್ನು ನಿಜವಾಗಿ ಇಳಿಸಿದ್ದು ಹೆಣ್ಣುಮಕ್ಕಳ ಶಾಲೆ, ತಡವಾದ ಮದುವೆ, ಶಿಶು ಮರಣದ ಇಳಿಕೆ ಮತ್ತು ಕೈಗೆಟುಕುವ ಆಸ್ಪತ್ರೆ. 1970ರ ದಶಕದ ಆರಂಭದಲ್ಲಿ ರಾಜ್ಯದ ಪ್ರತಿ ಮಹಿಳೆಗೆ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಮಕ್ಕಳಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ಸಂಖ್ಯೆ 1.7. ತಂದೆ-ತಾಯಿಯರ ಸ್ಥಾನವನ್ನು ಮಕ್ಕಳು ತುಂಬಲು ಬೇಕಾದ ಸರಾಸರಿ 2.1ಕ್ಕಿಂತ ಇದು ಕಡಿಮೆ. ಜಗತ್ತಿನ ಜನಸಂಖ್ಯೆ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತೆಂಬ ಸುದ್ದಿ ಬಂದ ಹೊತ್ತಿಗೆ, ಕರ್ನಾಟಕದ ಮನೆಗಳಲ್ಲಿ ತೊಟ್ಟಿಲುಗಳ ಸಂಖ್ಯೆ ಇಳಿಯತೊಡಗಿ ವರ್ಷಗಳೇ ಆಗಿದ್ದವು.

ಕಾಡು ಕರಗಿದ್ದು ಯಾರಿಂದ?

ಜನನ ಪ್ರಮಾಣ ಇಳಿದಂತೆ ನೆಲದ ಮೇಲಿನ ಭಾರವೂ ಇಳಿಯಬೇಕಾಗಿತ್ತು. ಆದರೆ ಹಾಗಾಗಲಿಲ್ಲ. ಏಕೆಂದು ತಿಳಿಯಲು 1956ರಲ್ಲಿ ಒಂದಾದ ವಿಶಾಲ ಮೈಸೂರು ರಾಜ್ಯದ ಕಾಡುಗಳನ್ನು ನೋಡಬೇಕು.

ಉತ್ತರ ಕನ್ನಡದ ದಾಂಡೇಲಿಯಲ್ಲಿ 1950ರ ದಶಕದ ಕೊನೆಯಲ್ಲಿ ಕಾಗದದ ಕಾರ್ಖಾನೆ ಕೆಲಸ ಆರಂಭಿಸಿತು. ಸರ್ಕಾರ ಅದಕ್ಕೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲು ಒಪ್ಪಿತು. ಬುಟ್ಟಿ ಹೆಣೆಯುವ ಮೇದರು ಮಾರುಕಟ್ಟೆಯಲ್ಲಿ ಕೊಡುತ್ತಿದ್ದ ಬೆಲೆಗೆ ಹೋಲಿಸಿದರೆ ಇದು ಪುಕ್ಕಟೆಯೇ ಸರಿ. ಮುಗಿಯದ ಸಂಪತ್ತೆಂದು ಲೆಕ್ಕ ಹಾಕಿದ್ದ ಬಿದಿರು ಎರಡು ದಶಕಗಳೊಳಗೆ ಬರಿದಾಗತೊಡಗಿತು. ದೂರು ಹೋದದ್ದು ಹಳ್ಳಿಗರ ಮೇಲೆ: ಜನ ಹೆಚ್ಚಾದರು, ದನ ಹೆಚ್ಚಾದವು, ಎಳೆ ಕಳಲೆಯನ್ನು ಉಳಿಯಗೊಡಲಿಲ್ಲ ಎಂದು.

1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಇದನ್ನು ಕಾಡಿಗೇ ಹೋಗಿ ಪರೀಕ್ಷಿಸಿದರು. ಬಿದಿರ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡಿರುತ್ತವೆ. ಹಳ್ಳಿಯವರು ಮುಳ್ಳನ್ನು ಬಿಟ್ಟು ಮೇಲಿನಿಂದ ತಮಗೆ ಬೇಕಾದಷ್ಟು ಕತ್ತರಿಸುತ್ತಿದ್ದರು. ಕಾರ್ಖಾನೆಯ ಕೂಲಿಗಳಾದರೋ ಬುಡದಿಂದಲೇ ಕಡಿಯುವುದಕ್ಕಾಗಿ ಮುಳ್ಳನ್ನೆಲ್ಲ ಸವರಿ ಮೆಳೆಯನ್ನು ಚೊಕ್ಕಟ ಮಾಡುತ್ತಿದ್ದರು. ಹಾಗೆ ಚೊಕ್ಕಟಗೊಳಿಸುವುದು ಮೆಳೆಯ ಬೆಳವಣಿಗೆಗೆ ಒಳ್ಳೆಯದೆಂಬ ನಂಬಿಕೆಯೂ ಇತ್ತು. ಮುಳ್ಳಿನ ಬೇಲಿ ಹೋದ ಮೇಲೆ ಹೊಸ ಕಳಲೆ ದನಕರುಗಳಿಗೂ ಕಾಡುಪ್ರಾಣಿಗಳಿಗೂ ಸುಲಭದ ತುತ್ತಾಯಿತು. ದನ ತಿಂದದ್ದು ನಿಜ. ಆದರೆ ದನಕ್ಕೆ ಬಾಗಿಲು ತೆರೆದವರು ಬೇರೆಯವರು.

ಸೌದೆಯ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಬಡವರ ಒಲೆಗಳೇ ಕಾಡನ್ನು ಸುಟ್ಟವೆಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಮೂಲ್ಯ ರೆಡ್ಡಿಯವರು 1974ರಲ್ಲಿ ಸ್ಥಾಪಿಸಿದ 'ಅಸ್ತ್ರ' ಕೇಂದ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಒಲೆಒಲೆಯ ಲೆಕ್ಕ ತೆಗೆದರು. ಹಳ್ಳಿಯ ಹೆಂಗಸರೂ ಮಕ್ಕಳೂ ದಿನಕ್ಕೆ ಗಂಟೆಗಟ್ಟಲೆ ಅಲೆದು ತರುತ್ತಿದ್ದುದು ಬಹುಪಾಲು ಒಣ ಚಕ್ಕೆ, ಪುರಲೆ, ರೆಂಬೆ. ಮರವನ್ನು ಬುಡಸಮೇತ ಕಡಿದು ದಿಮ್ಮಿಯಾಗಿ ತರುತ್ತಿದ್ದುದು ನಗರದ ಸೌದೆ ಡಿಪೋಗಳಿಗೆ ಬರುವ ಲಾರಿಗಳು.

ಇದೇ ವರ್ಷಗಳಲ್ಲಿ ಕೋಲಾರ ಸೀಮೆಯ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದು ನಿಂತಿತು. ಹರಿಹರದಲ್ಲಿ ಮರದ ತಿರುಳಿನಿಂದ ಕೃತಕ ನೂಲಿನ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಗೆ ಮರ ಬೇಕಾಗಿತ್ತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿಗಳು ಧಾರಾಳವಾಗಿ ಸಿಕ್ಕವು. ಕೂಲಿಯಾಳಿನ ಕಾಟವಿಲ್ಲದ ಬೆಳೆಯೆಂದು ದೊಡ್ಡ ಹಿಡುವಳಿದಾರರು ಅದಕ್ಕೆ ಒಲಿದರು. ಹಗೇವು ತುಂಬುತ್ತಿದ್ದ ಹೊಲ ಕಾರ್ಖಾನೆಯ ಅಂಗಳವಾಯಿತು. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ದೂರಕ್ಕೆ ಸರಿದ ಭಾರ

ಹಾಗೆಂದು ಜನಸಂಖ್ಯೆಗೂ ಪರಿಸರಕ್ಕೂ ಸಂಬಂಧವೇ ಇಲ್ಲವೆಂದು ತೀರ್ಮಾನಿಸುವುದು ಇನ್ನೊಂದು ತುದಿಯ ತಪ್ಪಾದೀತು. 3 ಕೋಟಿ ಜನರಿಗೆ ಉಣ್ಣಲು, ಕುಡಿಯಲು, ಮಲಗಲು 50 ಲಕ್ಷ ಜನರಿಗಿಂತ ಹೆಚ್ಚು ನೆಲವೂ ನೀರೂ ಬೇಕೇ ಬೇಕು. ಕಾವಲುಗಳು, ಗೋಮಾಳಗಳು ಸಾಗುವಳಿಗೆ ಒಳಪಟ್ಟವು, ಕೆರೆಯಂಗಳಗಳು ಬಡಾವಣೆಗಳಾದವು, ಆನೆಗಳ ಓಡಾಟದ ದಾರಿಗಳು ತುಂಡಾದವು. ಹಳೆಯ ಕಾಲದ ಹಳ್ಳಿ ತನ್ನ ಕೆರೆ ಬತ್ತಿದರೆ ತಾನೇ ಅನುಭವಿಸುತ್ತಿತ್ತು. ಹಾಗಾಗಿ ಅದರ ಮಿತಿ ಕಣ್ಣಿಗೆ ಕಾಣುತ್ತಿತ್ತು. ಹೊಸ ಕಾಲದ ನಗರ ತನ್ನ ಮಿತಿ ಬಂದಾಗ ಭಾರವನ್ನು ಬೇರೆ ಊರಿಗೆ ವರ್ಗಾಯಿಸಬಲ್ಲದು.

ಬೆಂಗಳೂರಿನ ನೀರಿನ ಇತಿಹಾಸ ಇದಕ್ಕೆ ಉದಾಹರಣೆ. 1901ರಲ್ಲಿ ಸುಮಾರು 1.6 ಲಕ್ಷ ಜನರಿದ್ದ ಊರಿಗೆ ತನ್ನ ಕೆರೆಗಳು ಸಾಲದೆ 1890ರ ದಶಕದಲ್ಲೇ ಹೆಸರಘಟ್ಟದ ನೀರು ಬಂದಿತ್ತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿಕೊಂಡಿತು. 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿಯ ಸರದಿ. ಅಲ್ಲಿಂದ ನೀರನ್ನು ಸುಮಾರು 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಎತ್ತಬೇಕು. 2011ರಲ್ಲಿ ನಗರದ ಜನಸಂಖ್ಯೆ 84 ಲಕ್ಷ ದಾಟಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಶರಾವತಿಯ ನೀರನ್ನೂ ತರುವ ಮಾತು ಕೇಳಿಬಂದಾಗ 2019ರಲ್ಲಿ ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ವಿದ್ಯುತ್ ಕೊಡಲು ಆ ಜಿಲ್ಲೆಯ ಹಳ್ಳಿಗಳನ್ನು ಮುಳುಗಿಸಿತ್ತು. ಅಲ್ಲಿಂದ ಎದ್ದು ಬಂದವರ ಭೂಮಿಯ ಹಕ್ಕುಪತ್ರದ ವಿವಾದ ದಶಕಗಳ ಕಾಲ ಎಳೆದಿತ್ತು.

ಈ ಕಥೆಯಲ್ಲಿ ಕೋಲಾರದ ಪಾತ್ರ ಇನ್ನೂ ವಿಚಿತ್ರ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಕೆರೆಗಳಿಂದಲೇ ಬದುಕಿದ್ದು. ಧಾತು-ಈಶ್ವರ ಬರದಲ್ಲಿ ಅತಿ ಹೆಚ್ಚು ನೊಂದ ಸೀಮೆಗಳಲ್ಲಿ ಇದು ಒಂದು. ಕೊಳವೆಬಾವಿ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ರಾಜಕಾಲುವೆ ಮುಚ್ಚಿತು. ಬಾವಿಗಳು ನೂರು, ಮುನ್ನೂರು ಅಡಿಗಳಿಂದ ಇಳಿಯುತ್ತ ಸಾವಿರ ಅಡಿಯನ್ನೂ ದಾಟಿದವು. ಅಲ್ಲಿ ಸಿಕ್ಕ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇತ್ತು. ಆ ನೀರಿನಲ್ಲಿ ಬೆಳೆದ ತರಕಾರಿ, ಹಾಲು ಪ್ರತಿನಿತ್ಯ ಬೆಂಗಳೂರಿಗೆ ಹೋಗುತ್ತವೆ. 2018ರ ಜೂನ್‌ನಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಸಂಸ್ಕರಣೆಯ ನಂತರ ಕೊಳವೆಗಳಲ್ಲಿ ಹರಿದು ಕೋಲಾರದ ಕೆರೆಗಳನ್ನು ತುಂಬತೊಡಗಿತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆಯಿದು. ಅಂತರ್ಜಲ ಏರಿತೆಂದು ಸಂತೋಷಪಟ್ಟ ರೈತರಿದ್ದಾರೆ. ಮೂರನೆಯ ಹಂತದ ಸಂಸ್ಕರಣೆ ಇಲ್ಲದೆ ಈ ನೀರನ್ನು ನೆಲಕ್ಕೆ ಇಂಗಿಸುವುದು ಅಪಾಯವೆಂದು ನ್ಯಾಯಾಲಯದ ಮೆಟ್ಟಿಲೇರಿದವರೂ ಇದ್ದಾರೆ. ಕಾವೇರಿಯಿಂದ ಎತ್ತಿದ ನೀರು ಬೆಂಗಳೂರಿನ ಮನೆಗಳನ್ನು ಹಾದು, ಒಂದು ಕಾಲಕ್ಕೆ ತನ್ನ ಮಳೆಯನ್ನು ತಾನೇ ಹಿಡಿಯುತ್ತಿದ್ದ ಜಿಲ್ಲೆಯ ಕೆರೆಗೆ ಕೊನೆಗೆ ಬಂದು ಸೇರುತ್ತಿದೆ.

1871ರ ಜನಗಣತಿ ಪ್ರತಿ ತಲೆಯನ್ನೂ ಒಂದೆಂದೇ ಎಣಿಸಿತು. ಜನಗಣತಿ ಎಣಿಸಬೇಕಾದದ್ದೂ ಹಾಗೆಯೇ. ಆದರೆ ನೆಲದ ಲೆಕ್ಕದಲ್ಲಿ ಎಲ್ಲ ತಲೆಗಳೂ ಸಮವಲ್ಲ. ಪುರಲೆ ಹೆಕ್ಕಿ ಒಲೆ ಹಚ್ಚಿದವರ ಭಾರ ಬೇರೆ, ಬೆಟ್ಟದಷ್ಟು ಬಿದಿರನ್ನು ಕಾಗದ ಮಾಡಿ ಬಳಸಿದವರ ಭಾರ ಬೇರೆ. ಕರ್ನಾಟಕದ ಜನಸಂಖ್ಯೆ ಇನ್ನು ಕೆಲವು ದಶಕಗಳಲ್ಲಿ ಏರುವುದನ್ನೇ ನಿಲ್ಲಿಸಲಿದೆ. ಆ ಕೆಲಸವನ್ನು ಹೆಚ್ಚು ಸದ್ದಿಲ್ಲದೆ ಮಾಡಿ ಮುಗಿಸಿದವರು ಹಳ್ಳಿ ಪಟ್ಟಣಗಳ ಹೆಂಗಸರು. ಹಾಗೆ ಏರಿಕೆ ನಿಂತ ಮೇಲೂ ಕೊಳವೆಬಾವಿ ಇನ್ನಷ್ಟು ಆಳಕ್ಕೆ ಇಳಿದರೆ, ನೀರಿನ ಕೊಳವೆ ಇನ್ನೂ ದೂರದ ನದಿಗೆ ಚಾಚಿದರೆ, ದೂರಲು ಆಗ ಬಡವರ ಮನೆಯ ತೊಟ್ಟಿಲು ಇರುವುದಿಲ್ಲ.